ಮನೆ ತೋರಿಸುವ ಮುನ್ನ ಅಂಗಳ

ತುಮಕೂರು
ಫೆಬ್ರವರಿ 20, 2026

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಯುಗಾದಿಯ ಹೊತ್ತಿಗೆ ಮನೆಯನ್ನು ಮಾರಾಟಕ್ಕಿಡುವ ನಿನ್ನ ತೀರ್ಮಾನ ಸರಿಯಾಗಿದೆ. ಈ ವರ್ಷ ಹಬ್ಬ ಮಾರ್ಚ್ 19ಕ್ಕೆ ಬಂದಿದ್ದು, ಮೇ 17ರಿಂದ ಅಧಿಕ ಜ್ಯೇಷ್ಠ, ಮುಂದೆ ಆಷಾಢವೂ ಇರುವುದರಿಂದ, ಶಾಸ್ತ್ರ ನೋಡುವ ಗಿರಾಕಿಗಳು ನಿನಗೆ ಹೆಚ್ಚಾಗಿ ಸಿಗುವುದು ಹಬ್ಬದ ನಂತರದ ಈ ಎರಡು ತಿಂಗಳಲ್ಲೇ.

ಒಳಗಿನ ಗೋಡೆಗಳಿಗೆ ಬಣ್ಣ ಹೊಡೆಸುವ ಮೊದಲು, ಮನೆ ಕೊಳ್ಳಲು ಬಂದವನಂತೆ ಗೇಟಿನಿಂದ ಜಗಲಿಯವರೆಗೆ ಒಮ್ಮೆ ನಿಧಾನವಾಗಿ ನಡೆದು ನೋಡು. ಅಂಗಳದ ನಲ್ಲಿಯ ಹಿಂದೆ ಕಾಂಪೌಂಡ್ ಗೋಡೆ ಮೊಣಕಾಲೆತ್ತರದವರೆಗೆ ತೇವ ಹೀರಿ ಉಬ್ಬಿರುವುದನ್ನು ಕಳೆದ ಸಲ ಬಂದಾಗ ಕಂಡೆ. ಅದರ ಮೇಲೆ ಬಣ್ಣ ಬಳಿಸಬೇಡ. ನಾನು ಹಳೆಯ ಮನೆ ಮಾರುವಾಗ ಅದೇ ತಪ್ಪು ಮಾಡಿದ್ದೆ. ನೋಡಲು ಬಂದವರು ಬೀಗದ ಕೈಯಿಂದ ಒಮ್ಮೆ ಕೆರೆದರು, ಬಣ್ಣ ಹಪ್ಪಳದಂತೆ ಎದ್ದು ಬಂತು, ಆಮೇಲೆ ನಾನು ಹೇಳಿದ ಯಾವ ಮಾತನ್ನೂ ಅವರು ನಂಬಲಿಲ್ಲ. ಮೊದಲು ಸೋರುವ ಪೈಪನ್ನು ಬದಲಿಸಿ, ಸಡಿಲವಾದ ಗಾರೆಯನ್ನು ಕೆರೆಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಹೊಸ ಗಾರೆ ಮಾಡಿಸು. ಈಗಿನ ಬಿಸಿಲು ಅದಕ್ಕೆ ಅನುಕೂಲ.

ಜಗಲಿಯ ಕೆಂಪು ಗಾರೆ ನೆಲಕ್ಕೆ ಯಾರಾದರೂ ಆಸಿಡ್ ಹಾಕಿ ತೊಳೆಯುತ್ತೇನೆಂದರೆ ಒಪ್ಪಬೇಡ, ಸಿಮೆಂಟು ತಿಂದುಹೋಗಿ ನೆಲ ಮಂಕಾಗುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಒಣಗಿದ ಬಳಿಕ ಬಟ್ಟೆಯಲ್ಲಿ ತುಸುವೇ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜಿಸು. ಜಾರುವಷ್ಟು ಹಚ್ಚಿದರೆ ಬಂದವರು ಬಿದ್ದಾರು.

ಹುಲ್ಲುಹಾಸು ಹಾಕಿಸುವ ಯೋಚನೆಯನ್ನು ಮಾತ್ರ ಬಿಟ್ಟುಬಿಡು. ಏಪ್ರಿಲ್‌ನಲ್ಲಿ ನಮ್ಮೂರಿನಲ್ಲಿ ಮನೆ ನೋಡುವವರು ಹಸಿರಿಗಿಂತ ಮೊದಲು ನೀರನ್ನು ವಿಚಾರಿಸುತ್ತಾರೆ, ಹುಲ್ಲು ಕಂಡರೆ ಅದಕ್ಕೆ ಸುರಿಯುವ ಕೊಡಗಳನ್ನು ಎಣಿಸುತ್ತಾರೆ. ಸಂಪನ್ನು ತೊಳೆಸಿ, ಮುಚ್ಚಳ ತೆಗೆದು ತೋರಿಸು. ಹೊಂಗೆ ಈಗ ಎಲೆ ಉದುರಿಸಿ ಬೋಳಾಗಿದ್ದರೂ ಕಡಿಸಬೇಡ, ಹಬ್ಬದ ವೇಳೆಗೆ ಚಿಗುರಿ, ಬಂದವರು ಅದರ ನೆರಳಿನಲ್ಲೇ ನಿಂತು ಬೆಲೆ ಮಾತಾಡುತ್ತಾರೆ. ದಾಸವಾಳದ ಒಣ ಕಡ್ಡಿಗಳನ್ನು ಈಗಲೇ ಸವರಿ ಗೊಬ್ಬರ ಕೊಟ್ಟರೆ ಸಾಕು, ದುಬಾರಿ ಕುಂಡಗಳು ಬೇಡ. ತುಳಸಿಕಟ್ಟೆಗೆ ಸುಣ್ಣ ಬಳಿಸು. ಅದನ್ನು ಬಿಟ್ಟುಹೋಗುತ್ತೀಯೋ ತೆಗೆದುಕೊಂಡು ಹೋಗುತ್ತೀಯೋ ಎಂಬುದನ್ನು ಮೊದಲೇ ತಿಳಿಸಿಬಿಡು. ಕೊನೆಯ ಗಳಿಗೆಯಲ್ಲಿ ಇಂಥದ್ದಕ್ಕೇ ಮನಸ್ತಾಪ ಹುಟ್ಟುತ್ತದೆ.

ನಿನ್ನದು ಪಶ್ಚಿಮದ ಬಾಗಿಲಾದ್ದರಿಂದ ಮಧ್ಯಾಹ್ನ ಯಾರನ್ನೂ ಕರೆಯಬೇಡ. ಜಗಲಿಯಲ್ಲಿ ನೆರಳಿರುವ ಬೆಳಗಿನ ಎಂಟರ ಸುಮಾರಿಗೆ ಬರಹೇಳು. ಅವರು ಕಾರು ನಿಲ್ಲಿಸುವುದು ತೆಂಗಿನ ಮರದಡಿಯಲ್ಲೇ ಆದ್ದರಿಂದ ಒಣಗಿದ ಗರಿ, ಬಲಿತ ಕಾಯಿಗಳನ್ನು ಮೊದಲೇ ಇಳಿಸಬೇಕು. ಮರ ಹತ್ತುವವನನ್ನು ಭಾನುವಾರ ನಾನೇ ಕಳುಹಿಸುತ್ತೇನೆ. ಕಾಯಿಗಳನ್ನು ಜಗಲಿಯ ಮೇಲೆ ರಾಶಿ ಹಾಕಿಸದೆ ಹಿತ್ತಿಲಿಗೆ ಸಾಗಿಸು, ನಮ್ಮ ಮನೆಗೆ ಹತ್ತು ಕಾಯಿ ತೆಗೆದಿಡು.

ಇಂತಿ,
ನಿನ್ನ ದೊಡ್ಡಪ್ಪ