ತಡೆಯೋದು ಬೇರೆ, ಸುಮ್ನೆ ಕೂರಿಸೋದು ಬೇರೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಡೈಸ್ ಉರುಳಿಸಿ ಕಥೆ ಆಡುವ ಆಟಗಳ ಬಗ್ಗೆ ಬರಹ ನೋಡಿ ಖುಷಿಯಾಯಿತು. ಕಲಬುರಗಿಯಲ್ಲಿ ಇದನ್ನು ಆಡುವ ಹುಚ್ಚರು ನಾವು ಐದೇ ಮಂದಿ ಅಂದುಕೊಂಡಿದ್ದೆ. ಆದರೆ ಒಂದು ಮಾತು ಒಪ್ಪಲಾಗಲಿಲ್ಲ. ಮಂತ್ರ ಹಾಕುವ ಪಾತ್ರಗಳ ಆರ್ಭಟ ಜಾಸ್ತಿಯಾದರೆ ಡಂಜನ್ ಮಾಸ್ಟರ್ (ಕಥೆ ನಡೆಸಿ ಶತ್ರುಗಳನ್ನು ಆಡಿಸುವವನು) ಆದವನು ಮಂತ್ರ ತಡೆಯುವ ಮಂತ್ರಗಳನ್ನು ಧಾರಾಳವಾಗಿ ಬಳಸಲಿ, ಆಗ ಕತ್ತಿ ಹಿಡಿದವರಿಗೂ ಸಮ ಆಗುತ್ತದೆ ಅಂತ ಬರೆದಿದ್ದಾರೆ. ನಾನು ಹಾಗೇ ಮಾಡಿ ಕೈ ಸುಟ್ಟುಕೊಂಡವನು.

ನಮ್ಮದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', 2014ರ ನಿಯಮ. ಒಂದು ಏಪ್ರಿಲ್ ಮಧ್ಯಾಹ್ನ, ಹೊರಗೆ ನಮ್ಮೂರ ಬಿಸಿಲು, ಒಳಗೆ ಕೂಲರ್ ಸದ್ದು. ಕಥೆ ನಡೆಯುವ ಕೋಟೆಯನ್ನು ಬೀದರ್ ಕೋಟೆ ನೋಡಿಯೇ ಬರೆದಿದ್ದೆ, ಬಂಡೆ ಕಡಿದ ಮೂರು ಸಾಲಿನ ಕಂದಕ ಸಮೇತ. ವಿಝಾರ್ಡ್, ಅಂದರೆ ಮಾಂತ್ರಿಕನ ಪಾತ್ರ, ಆಡುವ ಗೆಳೆಯ ಫೈರ್‌ಬಾಲ್ ಅಂದ, ಮೂರನೇ ಹಂತದ ಬೆಂಕಿಯುಂಡೆ ಮಂತ್ರ. ಶತ್ರು ಮಾಂತ್ರಿಕನ ಕಡೆಯಿಂದ ನಾನು ಕೌಂಟರ್‌ಸ್ಪೆಲ್ ಅಂದೆ, ಎದುರಾಳಿ ಮಂತ್ರ ಹಾಕುವಾಗಲೇ ತಡೆಯುವ ಮಂತ್ರ. ಆ ನಿಯಮದ ಪ್ರಕಾರ ಮೂರನೇ ಹಂತದವರೆಗಿನ ಮಂತ್ರಕ್ಕೆ ಡೈಸ್ ಕೂಡ ಬೇಕಿಲ್ಲ, ಮಂತ್ರವೂ ಹೋಯಿತು, ಸ್ಪೆಲ್ ಸ್ಲಾಟೂ (ಇಷ್ಟೇ ಮಂತ್ರ ಹಾಕಬಹುದು ಅನ್ನುವ ಲೆಕ್ಕದಲ್ಲಿ ಒಂದು) ಹೋಯಿತು. ಅವನ ಸರದಿ ಮತ್ತೆ ಬರೋಕೆ ಇಪ್ಪತ್ತು ನಿಮಿಷ. ಮತ್ತೆ ಅದೇ. ಮೂರನೇ ಸಲಕ್ಕೆ ಅವನು ಫೋನ್ ತೆಗೆದ. ಇದರಿಂದ ಫೈಟರ್, ಅಂದರೆ ಕತ್ತಿ ಹಿಡಿದ ಯೋಧನ ಪಾತ್ರ, ಆಡುವವಳಿಗೆ ಏನಾದರೂ ಲಾಭ ಆಯ್ತಾ ಅಂದರೆ ಅದೂ ಇಲ್ಲ, ಶತ್ರು ನಿಂತಿದ್ದು ಕಂದಕದ ಆಚೆ ದಡದಲ್ಲಿ, ಇವಳ ಕೈಯಲ್ಲಿ ಇದ್ದದ್ದು ಕತ್ತಿ. ಇಬ್ಬರೂ ರೊಟ್ಟಿ ಶೇಂಗಾ ಹಿಂಡಿ ಖಾಲಿ ಮಾಡುತ್ತಾ ಕೂತರು. ಸಮ ಆಯ್ತು ಬಿಡಿ!

ಮಂತ್ರಕ್ಕೆ ತಡೆ ಅಂದರೆ ಪುಸ್ತಕದಲ್ಲಿ ಹೆಸರಿಟ್ಟು ಬರೆದಿದೆ: ಕೌಂಟರ್‌ಸ್ಪೆಲ್, ಆಗಲೇ ಹಾಕಿದ ಮಂತ್ರವನ್ನು ಕಳಚುವ ಡಿಸ್ಪೆಲ್ ಮ್ಯಾಜಿಕ್, ಸುತ್ತಲಿನ ಮಾಯವನ್ನೆಲ್ಲ ನಿಲ್ಲಿಸುವ ಆಂಟಿಮ್ಯಾಜಿಕ್ ಫೀಲ್ಡ್. ಕತ್ತಿಗೆ ಹಾಕುವ ತಡೆಗೆ ಹೆಸರೇ ಇಲ್ಲ, ಅದಕ್ಕೇ ಯಾರೂ ಲೆಕ್ಕ ಇಡುವುದಿಲ್ಲ. ಹಾರುವ ಶತ್ರು, ಎತ್ತರದ ಗೋಡೆ, ಕಂದಕ, ಇವೆಲ್ಲ ಫೈಟರ್‌ಗೆ ಹಾಕಿದ ಬೇಲಿ ತಾನೇ? 2014ರ ನಿಯಮದಲ್ಲಿ ಮಾಯದ ಕತ್ತಿ ಇಲ್ಲದಿದ್ದರೆ ಎಷ್ಟೋ ರಾಕ್ಷಸರಿಗೆ ಅರ್ಧವೇ ಪೆಟ್ಟು. ಆಂಟಿಮ್ಯಾಜಿಕ್ ಫೀಲ್ಡ್ ಒಳಗೆ ಆ ಮಾಯದ ಕತ್ತಿಯೂ ಮಾಮೂಲಿ ಕಬ್ಬಿಣ. ಆದರೂ ಒಂದು ವ್ಯತ್ಯಾಸ ಇದೆ, ಐದನೇ ಲೆವೆಲ್ ದಾಟಿದ ಫೈಟರ್‌ಗೆ ಒಂದು ಏಟು ತಪ್ಪಿದರೆ ಅದೇ ಸರದಿಯಲ್ಲಿ ಇನ್ನೊಂದಿರುತ್ತದೆ. ವಿಝಾರ್ಡ್‌ಗೆ ಮಂತ್ರ ತಪ್ಪಿದರೆ ಸರದಿಯೇ ಹೆಚ್ಚುಕಡಿಮೆ ಮುಗಿದ ಹಾಗೆ.

ಬಯಲಾಟ ನೋಡಿ ಬೆಳೆದ ನಮಗೆ ಇದು ತಿಳಿಯದ ವಿಷಯ ಅಲ್ಲ. ಅಶ್ವತ್ಥಾಮ ನಾರಾಯಣಾಸ್ತ್ರ ಬಿಟ್ಟಾಗ ಆಯುಧ ಕೆಳಗಿಟ್ಟವರಿಗೆ ಏನೂ ಆಗುವುದಿಲ್ಲ. ತಡೆ ಇದೆ, ಆದರೆ ಅದಕ್ಕೆ ಬೆಲೆ ಇದೆ, ಭೀಮನಂಥವನು ಆ ಬೆಲೆ ಕೊಡಲ್ಲ ಅಂತ ಹಟ ಹಿಡಿಯುತ್ತಾನೆ. ಇನ್ನು ಕರ್ಣನ ಹತ್ತಿರ ಇಂದ್ರ ಕೊಟ್ಟ ಶಕ್ತ್ಯಾಯುಧ ಇತ್ತು, ಒಂದೇ ಸಲಕ್ಕೆ ಬರುವಂಥದ್ದು. ಕೃಷ್ಣ ಅದನ್ನು ಮಾಯ ಮಾಡಲಿಲ್ಲ. ಘಟೋತ್ಕಚನನ್ನು ಮುಂದೆ ಬಿಟ್ಟು ಖರ್ಚು ಮಾಡಿಸಿದ.

ನಾನು ಈಗ ಇದನ್ನೇ ಮಾಡುತ್ತಿದ್ದೇನೆ. ಕೌಂಟರ್‌ಸ್ಪೆಲ್ ಹಾಕೋಕೆ ಶತ್ರು ತನ್ನ ರಿಯಾಕ್ಷನ್ (ಬೇರೆಯವರ ಸರದಿಯ ನಡುವೆಯೂ ಮಾಡಬಹುದಾದ ಪ್ರತಿಕ್ರಿಯೆ) ಖರ್ಚು ಮಾಡಬೇಕು, ಅದು ಅವನ ಮುಂದಿನ ಸರದಿವರೆಗೆ ಒಂದೇ. ಹಾಗಾಗಿ ಆಟಗಾರರು ಮೊದಲು 'ಮಂತ್ರ ಹಾಕ್ತಿದೀನಿ' ಅಂತಷ್ಟೇ ಹೇಳಬೇಕು, ಯಾವುದು ಅಂತ ಹೇಳುವಂತಿಲ್ಲ. ತಡೀತೀನೋ ಇಲ್ವೋ ಅಂತ ನಾನು ಆಗಲೇ ಹೇಳಿಬಿಡಬೇಕು. ಮೊದಲೆಲ್ಲ ಫೈರ್‌ಬಾಲ್ ಅಂತ ಕಿವಿಗೆ ಬಿದ್ದಮೇಲೆ ತಡೆಯುತ್ತಿದ್ದೆ, ಅದು ನನ್ನ ಮೋಸವೇ. 2024ರ ಹೊಸ ನಿಯಮದಲ್ಲಿ ಮಂತ್ರ ಹಾಕುವವನಿಗೆ ಕಾನ್‌ಸ್ಟಿಟ್ಯೂಷನ್ ಸೇವ್ (ಮೈಗಟ್ಟಿತನದ ಮೇಲೆ ಡೈಸ್ ಉರುಳಿಸಿ ತಡೆಯಿಂದ ತಪ್ಪಿಸಿಕೊಳ್ಳುವ ಅವಕಾಶ) ಕೊಟ್ಟಿದ್ದಾರೆ, ತಡೆದರೂ ಸ್ಲಾಟ್ ಉಳಿಯುತ್ತದೆ. ಅದನ್ನೂ ತೆಗೆದುಕೊಂಡಿದ್ದೇವೆ, ಉಳಿದದ್ದು ಹಳೆಯದೇ.

ಇನ್ನೊಂದು ಮಾತು. ಮಂತ್ರಕ್ಕೆ ಒಳ್ಳೆಯ ತಡೆ ಫೈಟರೇ. ಏಕಾಗ್ರತೆಯಿಂದ ಹಿಡಿದಿಟ್ಟ ಮಂತ್ರ ಇದ್ದಾಗ ಪೆಟ್ಟು ಬಿದ್ದರೆ 10 ಅಥವಾ ಪೆಟ್ಟಿನ ಅರ್ಧ, ಯಾವುದು ಜಾಸ್ತಿಯೋ ಅಷ್ಟು ಡೈಸ್‌ನಲ್ಲಿ ಬರಬೇಕು, ಇಲ್ಲವಾದರೆ ಮಂತ್ರ ಬಿಟ್ಟಿತು. ಸೈಲೆನ್ಸ್ ಮಂತ್ರದ 20 ಅಡಿ ತ್ರಿಜ್ಯದ ವರ್ತುಲದೊಳಗೆ ಬಾಯಲ್ಲಿ ಹೇಳುವ ಮಂತ್ರ ನಡೆಯಲ್ಲ, ಅದರೊಳಗೆ ಶತ್ರುವನ್ನು ಕುಸ್ತಿ ಹಿಡಿದು ಕೆಡವಿಕೊಳ್ಳೋದು ಫೈಟರ್ ಕೆಲಸ. ಆದರೆ ಅದಕ್ಕೆ ಅವಳು ಶತ್ರುವಿನ ಹತ್ತಿರ ಹೋಗುವಂತಿರಬೇಕು.

ಹೋದ ವಾರ ಅದೇ ಕೋಟೆ ಮತ್ತೆ ಆಡಿದೆವು. ಕ್ಲೆರಿಕ್, ಅಂದರೆ ಪೂಜಾರಿ ಪಾತ್ರದವನು, ಒಂದು ಸಣ್ಣ ಮಂತ್ರ ಎಸೆದ, ನಾನು ಬಲೆಗೆ ಬಿದ್ದು ಅದಕ್ಕೇ ಕೌಂಟರ್‌ಸ್ಪೆಲ್ ಹಾಕಿದೆ, ಹಿಂದೆಯೇ ಫೈರ್‌ಬಾಲ್ ಬಂತು. ಕಂದಕದ ಮೇಲೆ ಹಗ್ಗದ ಸೇತುವೆ ಒಂದನ್ನು ನಾನೇ ಹಾಕಿಟ್ಟಿದ್ದೆ. ಫೈಟರ್ ಆಗಲೇ ಅದರ ಅರ್ಧ ದಾಟಿದ್ದಳು.

ಮುಂದಿನ ಸಲ ಇಂಥ ಬರಹ ಹಾಕುವಾಗ ಫೈಟರ್ ಆಡುವವರನ್ನೂ ಒಂದು ಮಾತು ಕೇಳಿ.

— ಒಬ್ಬ ಡಂಜನ್ ಮಾಸ್ಟರ್, ಕಲಬುರಗಿ