ಆ ಬಾಟಲಿಯ ಮೇಲೆ ಹೆಸರು ಬರೆದೆಯಾ, ಮಗಳೇ?

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಪತ್ರ ಸೋಮವಾರ ಕೈ ಸೇರಿತು. ಮಂಗಳೂರಿನ ಮಳೆ, ಗೋಡೆಗೆ ಹಿಡಿದ ಬೂಷ್ಟು, ನಾಲ್ಕು ದಿನವಾದರೂ ಆರದ ಪುಟ್ಟನ ಅಂಗಿಗಳು, ಇದೆಲ್ಲವನ್ನೂ ಓದಿ ತೀರ್ಥಹಳ್ಳಿ ಕಡೆ ಬಾಳಿದ ನನಗೆ ನಗುವೇ ಬಂತು. ಆದರೆ ಕೊನೆಯ ಹಾಳೆಯ ಅಂಚಿನಲ್ಲಿ, ಜಾಗ ಸಾಲದೆ ಓರೆಯಾಗಿ ಬರೆದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಬಚ್ಚಲ ಪೈಪು ಕಟ್ಟಿದಾಗ ಹಾಕುವ ಪುಡಿ ಗಂಟು ಕಟ್ಟತೊಡಗಿತೆಂದು, ಅದನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಸುರಿದು, ಉಪ್ಪಿಗೆ ಹಾಕುವ ಹಾಗೆ ನಾಲ್ಕು ಕಾಳು ಅಕ್ಕಿ ಸೇರಿಸಿ, ಬೆಚ್ಚಗಿರಲೆಂದು ಒಲೆಯ ಪಕ್ಕದ ಶೆಲ್ಫಿನಲ್ಲಿ ಇಟ್ಟಿರುವುದಾಗಿ ಬರೆದಿದ್ದೀಯೆ. ಓದಿದ ಕೂಡಲೇ ಫೋನು ಮಾಡಿ ಬಾಟಲಿಯನ್ನು ಕಪಾಟಿನ ಮೇಲಕ್ಕೆ ಏರಿಸೆಂದೆ. ನೀನು "ಆಯಿತು ದೊಡ್ಡಮ್ಮ, ಮುಚ್ಚಳ ಗಟ್ಟಿಯಾಗಿದೆ" ಎಂದು ನಕ್ಕುಬಿಟ್ಟೆ. ಆ ನಗುವಿನಿಂದಾಗಿಯೇ ಈ ಪತ್ರ ಬರೆಯಬೇಕಾಗಿ ಬಂದಿದೆ.

ಪುಡಿ ಗಂಟಾಗುವುದು ದೊಡ್ಡ ನಷ್ಟವೇನೂ ಅಲ್ಲ. ರಾತ್ರಿಯ ಥಂಡಿಯಲ್ಲಿ ಪುಡಿಯ ಕಣಗಳು ಗಾಳಿಯ ತೇವವನ್ನು ಹೀರಿ ಮೈಮೇಲೆ ತುಸು ಕರಗುತ್ತವೆ, ಮಧ್ಯಾಹ್ನ ಆ ತೇವ ಆರಿದಾಗ ಒಂದನ್ನೊಂದು ಹಿಡಿದುಕೊಂಡು ಹೆಪ್ಪುಗಟ್ಟುತ್ತವೆ. ದಿನವೂ ಹೀಗೆ ನಡೆದರೆ ಆಷಾಢ ಮುಗಿಯುವುದರೊಳಗೆ ಇಡೀ ಪೊಟ್ಟಣ ಇಟ್ಟಿಗೆಯಾಗುತ್ತದೆ. ಬಟ್ಟೆಯ ಪುಡಿ ಹಾಗಾದರೆ ಬಿಸಿನೀರಿನಲ್ಲಿ ನೆನೆಸಿದರೆ ಸಾಕು, ಅದರ ಗುಣ ಬಹುಪಾಲು ಹಾಗೆಯೇ ಇರುತ್ತದೆ. ಆದರೆ ಪೈಪಿನ ಪುಡಿ ಆ ಜಾತಿಯದಲ್ಲ. ಅದರಲ್ಲಿ ಹೆಚ್ಚಾಗಿ ಇರುವುದು ಕಾಸ್ಟಿಕ್ ಸೋಡ. ತೆರೆದಿಟ್ಟರೆ ಗಾಳಿಯ ನೀರನ್ನು ಎಳೆದುಕೊಂಡು ತಾನೇ ಒದ್ದೆಯಾಗಿ ಕೂರುವಷ್ಟು ಅದಕ್ಕೆ ನೀರಿನ ಆಸೆ. ನಾಲ್ಕು ಕಾಳು ಅಕ್ಕಿ ಅದನ್ನು ಹೇಗೆ ತಡೆದೀತು? ಬಿಳಿಯ ಪುಡಿ, ನಡುವೆ ಅಕ್ಕಿಕಾಳು, ಹಾರ್ಲಿಕ್ಸ್ ಬಾಟಲಿ, ಒಲೆಯ ಪಕ್ಕ: ನೋಡಿದವರು ಅದನ್ನು ಉಪ್ಪೆನ್ನದೆ ಬೇರೇನೆಂದಾರು? ಪುಟ್ಟನ ಮಾತು ಬಿಡು, ಅವನಿಗಿನ್ನೂ ಎರಡು ವರ್ಷ. ನಿನ್ನ ಅತ್ತೆಯವರು ಬಂದು ಅಡುಗೆಮನೆಗೆ ಕಾಲಿಟ್ಟರೆ ಏನು ಗತಿ?

ಇದನ್ನು ನಾನು ಇಷ್ಟು ಬಲವಾಗಿ ಹೇಳುವುದಕ್ಕೆ ಒಂದು ಕಾರಣವಿದೆ, ಅದನ್ನು ನಿನ್ನ ಅಮ್ಮನಿಗೂ ನಾನು ಪೂರ್ತಿಯಾಗಿ ಹೇಳಿಲ್ಲ.

1979ರ ಪುಷ್ಯ ಮಳೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡನೆಯ ಮಳೆಗಾಲ. ಮರಿಗೆಯಲ್ಲಿದ್ದ ಉಪ್ಪು ನೀರು ಬಿಟ್ಟು ನೆಲದ ಮೇಲೆ ಹರಿಯುತ್ತಿತ್ತು, ಬಚ್ಚಲ ಗೂಡಿನಲ್ಲಿದ್ದ ಸೀಗೆಪುಡಿ ಮುದ್ದೆಯಾಗಿ ವಾಸನೆ ಹಿಡಿದಿತ್ತು. ಪೇಟೆಯಿಂದ ತರಿಸಿದ ಬಟ್ಟೆ ಸೋಡವನ್ನಾದರೂ ಉಳಿಸಿಕೊಳ್ಳೋಣವೆಂದು, ಯಾರನ್ನೂ ಕೇಳದೆ ಒಂದು ಗಾಜಿನ ಬಾಟಲಿಗೆ ತುಂಬಿ, ಒಲೆಯ ಮೇಲಿನ ನಾಗಂದಿಗೆಯಲ್ಲಿ ಇಟ್ಟೆ. ಅದು ಗಂಟು ಕಟ್ಟಲಿಲ್ಲ, ನಿಜ. ದಿನವೂ ಬಾಟಲಿಯನ್ನು ಅಲ್ಲಾಡಿಸಿ, ಪುಡಿ ಉದುರುದುರಾಗಿ ಸರಿದಾಡುವುದನ್ನು ನೋಡಿ ಹೆಮ್ಮೆಪಡುತ್ತಿದ್ದೆ. ನನ್ನ ಮಾವನವರಿಗೆ ಹೊಟ್ಟೆ ಉಬ್ಬರಿಸಿದಾಗ ಒಂದು ಚಿಟಿಕೆ ಅಡುಗೆ ಸೋಡವನ್ನು ಬಿಸಿನೀರಿಗೆ ಹಾಕಿ ಕುಡಿಯುವ ರೂಢಿಯಿತ್ತು. ಒಂದು ರಾತ್ರಿ ಕರೆಂಟಿಲ್ಲದ ವೇಳೆ, ಚಿಮಣಿ ದೀಪದ ಬೆಳಕಿನಲ್ಲಿ ಅವರ ಕೈಗೆ ಸಿಕ್ಕಿದ್ದು ನನ್ನ ಬಾಟಲಿ. ಚಿಟಿಕೆಯೂ ಅಲ್ಲ, ಆ ರಾತ್ರಿ ನೋವು ಹೆಚ್ಚಿದ್ದುದರಿಂದ ಚಮಚದಲ್ಲೇ ಹಾಕಿಕೊಂಡಿದ್ದರು. ಒಂದು ಗುಟುಕು ಒಳಗೆ ಹೋದ ಮೇಲೆ ಲೋಟ ಬಿದ್ದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಅತ್ತೆಯವರು ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಬೆಳಿಗ್ಗೆ ಬಂದ ಡಾಕ್ಟರು ಅದಕ್ಕಾಗಿಯೇ ಎಲ್ಲರನ್ನೂ ಗದರಿದರು: ಇಳಿಯುವಾಗ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಮೂರು ವಾರ ಮಾವನವರು ತಣ್ಣನೆಯ ಗಂಜಿಯ ಹೊರತು ಬೇರೇನನ್ನೂ ನುಂಗಲಾರದೆ ಹೋದರು.

ಬಾಟಲಿಯನ್ನು ಅಲ್ಲಿ ಇಟ್ಟವರು ಯಾರೆಂಬ ಪ್ರಶ್ನೆ ಎದ್ದಾಗ ಅತ್ತೆಯವರ ಬೆರಳು ಮುಸುರೆ ತಿಕ್ಕುವ ಹುಡುಗಿಯ ಕಡೆ ಹೋಯಿತು. ಅವಳು ಇಲ್ಲವೆಂದಳು. ನಾನು ಬಾಗಿಲ ಹಿಂದೆ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆನೇ ಹೊರತು ಬಾಯಿ ತೆರೆಯಲಿಲ್ಲ. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಮಾವನವರಿಗೆ ಗೊತ್ತಿತ್ತೆಂದು ನನಗೆ ಈಗ ಅನ್ನಿಸುತ್ತದೆ. ಅವರು ಗುಣವಾದ ಮೇಲೆ ಒಂದು ದಿನ ಚೀಟಿಯ ಮೇಲೆ "ಬಟ್ಟೆ ಸೋಡ" ಎಂದು ತಮ್ಮ ದುಂಡಕ್ಷರದಲ್ಲಿ ಬರೆದು, ಅನ್ನದ ಅಗುಳಿನಿಂದ ಬಾಟಲಿಗೆ ಅಂಟಿಸಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು.

ಆದ್ದರಿಂದ ಮಗಳೇ, ನಿನ್ನ ಬಾಟಲಿಯ ಮೇಲೆ ಹೆಸರಿದೆಯೇ? ಹೆಸರಿದ್ದರೂ ಪುಟ್ಟನಿಗೆ ಓದಲು ಬರುವುದಿಲ್ಲವಲ್ಲ ಎಂದು ನೆನೆದಾಗ ಮತ್ತೆ ಎದೆ ಝಲ್ಲೆನ್ನುತ್ತದೆ. ತಿನ್ನುವ ವಸ್ತುವಿನ ಡಬ್ಬಿಯೊಳಗೆ ಇಂಥ ಪುಡಿ ಹೋಗಲೇಬಾರದು. ಅದು ಬಂದ ಪೊಟ್ಟಣದಲ್ಲೇ ಇರಲಿ. ಒಳಗಿನ ಗಾಳಿಯನ್ನು ಒತ್ತಿ ತೆಗೆದು, ಬಾಯಿ ಮಡಚಿ, ಕ್ಲಿಪ್ಪು ಸಿಕ್ಕಿಸಿ, ಆ ಪೊಟ್ಟಣವನ್ನು ಹಾಗೆಯೇ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟರೆ ಹೆಸರೂ ಉಳಿಯುತ್ತದೆ, ತೇವವೂ ತಡೆಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಇಷ್ಟು ತಿಳಿದವಳಿಗೆ ನಾನು ಡಬ್ಬಿ ಮುಚ್ಚುವುದನ್ನು ಹೇಳಿಕೊಡಬೇಕೇ ಎಂದು ನೀನು ಬೇಸರಿಸಬಾರದು.

ಈಗ ಬಾಟಲಿಯಲ್ಲಿ ಇರುವುದನ್ನು ಉಳಿಸುವ ಗೋಜಿಗೆ ಹೋಗಬೇಡ. ಗಂಟು ಬಿಡಿಸಲು ಚಮಚದಿಂದ ಕುಟ್ಟುವುದು, ನೀರು ಹುಯ್ದು ಅಲ್ಲಾಡಿಸುವುದು ಎರಡೂ ಅಪಾಯ. ನೀರು ಬಿದ್ದರೆ ಅದು ಒಮ್ಮೆಗೇ ಕಾದು ಮುಖಕ್ಕೆ ಸಿಡಿಯಬಹುದು. ಅಕ್ಕಿಕಾಳಿನ ಸಮೇತ ಮುಚ್ಚಳ ಬಿಗಿದು, ದಪ್ಪ ಅಕ್ಷರದಲ್ಲಿ "ವಿಷ" ಎಂದು ಬರೆದು, ಹಸಿ ಕಸ ಒಣ ಕಸಗಳ ಜೊತೆ ಸೇರಿಸದೆ, ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡು. ಆ ಬಾಟಲಿ ತೊಳೆದು ಮತ್ತೆ ಸಕ್ಕರೆ ತುಂಬುವ ಉಳಿತಾಯ ನಮಗೆ ಬೇಡ.

ಬಟ್ಟೆಯ ಪುಡಿಯನ್ನು ಮಳೆಗಾಲದಲ್ಲಿ ಅರ್ಧ ಕಿಲೋಕ್ಕಿಂತ ಹೆಚ್ಚು ತರಿಸಬೇಡ, ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡು, ಒದ್ದೆ ಕೈಯನ್ನು ಒಳಗೆ ಹಾಕಬೇಡ. ಇದು ನಿನಗೆ ಗೊತ್ತಿದ್ದರೂ ಇರಬಹುದು. ಬಿಸಿಲು ಬಂದಿತೆಂದು ಕಟ್ಟಿದ ಚೀಲವನ್ನೇ ಹೊರಗಿಟ್ಟರೆ ಒಳಗೇ ಬೆವರಿ ಇನ್ನಷ್ಟು ಕೆಡುತ್ತದೆ. ಬಟ್ಟೆ ಸೋಡದ ಹರಳು ಇನ್ನೂ ವಿಚಿತ್ರ, ಅದರ 100 ಗ್ರಾಮಿನಲ್ಲಿ 63 ಗ್ರಾಂನಷ್ಟು ನೀರೇ ಇರುವುದರಿಂದ ಕಾವು ಹೆಚ್ಚಾದರೆ ತನ್ನ ನೀರಿನಲ್ಲಿ ತಾನೇ ಕರಗುತ್ತದೆ. ನಾನು ಅಂದು ಇಟ್ಟದ್ದು ಪುಡಿಯಾಗಿರದೆ ಹರಳಾಗಿದ್ದರೆ ನನ್ನ ನಾಗಂದಿಗೆಯ ಜಾಣತನಕ್ಕೆ ಆ ದೃಷ್ಟಿಯಿಂದಲೂ ಅರ್ಥವಿರುತ್ತಿರಲಿಲ್ಲ. ಬ್ಲೀಚಿಂಗ್ ಪೌಡರಿಗೆ ಅಕ್ಕಿಯಾಗಲಿ ಇದ್ದಿಲಾಗಲಿ ಹಾಕಕೂಡದು, ಟಾಯ್ಲೆಟ್ಟಿಗೆ ಹಾಕುವ ಆಸಿಡ್ಡಿನ ಹತ್ತಿರ ಇಡಲೂಕೂಡದು, ಎರಡೂ ಕೂಡಿದರೆ ಏಳುವ ಕ್ಲೋರಿನ್ ಉಸಿರು ಕಟ್ಟಿಸುತ್ತದೆ. ಬ್ಲೀಚಿಂಗ್ ಪೌಡರನ್ನು ತಗಡಿನ ಡಬ್ಬಿಯಲ್ಲೂ ಇಡಬಾರದು, ತುಕ್ಕು ಹಿಡಿಯುತ್ತದೆ.

ನೋಡು, ಮತ್ತೆ ಅದೇ ಬಾಟಲಿ ಕಣ್ಣ ಮುಂದೆ ಬರುತ್ತಿದೆ. ದೇವರು ಮಾಡಲಿ, ಹಾಗಾಗದಿರಲಿ. ಆದರೂ ಪುಟ್ಟ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡ, ನಿಂಬೆರಸ ಹುಣಸೆರಸ ಏನನ್ನೂ ಕುಡಿಸಬೇಡ. ಬಾಯಿಯನ್ನು ನೀರಿನಿಂದ ತೊಳೆದು, 108ಕ್ಕೆ ಫೋನು ಮಾಡಿ, ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡು. ಕಣ್ಣಿಗೆ ಬಿದ್ದರೆ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆದ ಮೇಲೆ ಹೊರಡು. ಇದನ್ನು ಬರೆಯುವಾಗ ನನ್ನ ಕೈ ನಡುಗಿದ್ದು ಅಕ್ಷರದಲ್ಲಿ ನಿನಗೆ ಕಾಣುತ್ತದೆ.

ಹೋದ ವರ್ಷ ಎಳ್ಳಮಾವಾಸ್ಯೆಯ ಜಾತ್ರೆಗೆ ಹೋಗಿದ್ದಾಗ ತುಂಗೆಯ ಕಲ್ಲುಗಳ ಮೇಲೆ ಆ ಹುಡುಗಿ ಸಿಕ್ಕಿದ್ದಳು. ಹುಡುಗಿ ಎನ್ನುತ್ತಿದ್ದೇನೆ, ಅವಳಿಗೀಗ ಮೊಮ್ಮಕ್ಕಳಿದ್ದಾರೆ. ಗುರುತು ಹಿಡಿದು ಹತ್ತಿರ ಬಂದು, "ದೊಡ್ಡಯ್ಯನವರಿಗೆ ಆಮೇಲೆ ಗಂಟಲು ಸರಿ ಹೋಯಿತಾ ಅಮ್ಮಾ?" ಎಂದು ಕೇಳಿದಳು. ಸರಿ ಹೋಯಿತೆಂದೆ. ಉಳಿದದ್ದನ್ನು ಆಗಲೂ ಹೇಳಲಿಲ್ಲ. ಮುಂದಿನ ಜಾತ್ರೆಯಲ್ಲಿ ಸಿಕ್ಕರೆ ಹೇಳಬೇಕೆಂದಿದ್ದೇನೆ.

ಬಾಟಲಿಯನ್ನು ಮನೆಯಿಂದ ಹೊರಗೆ ಕಳಿಸಿದ ದಿನ ಫೋನು ಮಾಡು. ಆ ಶೆಲ್ಫಿನ ಖಾಲಿ ಜಾಗದ ಒಂದು ಫೋಟೋವನ್ನೂ ಕಳಿಸು. ನಕ್ಕರೂ ಸರಿಯೇ, ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ