ಹೋಗಿ ವಾಪಸ್ ಬರೋ ದೃಷ್ಟಿಗೆ ಯಾವ ಡಾಕ್ಟ್ರು?

ಸಂಪಾದಕರಿಗೆ ನಮಸ್ಕಾರ,

ಕಣ್ಣು ಮಂಜಾದ್ರೆ ಎಲ್ಲಿಗೆ ಹೋಗ್ಬೇಕು ಅಂತ ಎಲ್ರಿಗೂ ಗೊತ್ತು, ಏಟು ಬಿದ್ರೂ ಗೊತ್ತು, ಪೊರೆ ಬಂದ್ರಂತೂ ಶಿಬಿರದವರೇ ವ್ಯಾನ್ ಕಳಿಸ್ತಾರೆ. ಆದ್ರೆ ಒಂದು ಐದು ನಿಮಿಷ ದೃಷ್ಟಿ ಪೂರ್ತಿ ಹೋಗಿ ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ವಾಪಸ್ ಬಂದ್ರೆ ಯಾರ ಹತ್ರ ಹೋಗ್ಬೇಕು? ಈ ಪ್ರಶ್ನೆ ಹಿಡ್ಕೊಂಡು ಓಡಾಡಿ ಸಾಕಾಗಿ ನಿಮಗೆ ಬರೀತಾ ಇದೀನಿ, ನಿಮ್ಮ ಆರೋಗ್ಯ ಪುಟದಲ್ಲಿ ಯಾರಾದ್ರೂ ತಿಳಿದೋರು ಉತ್ತರ ಕೊಟ್ರೆ ನಂಗೊಬ್ಬಳಿಗೇ ಅಲ್ಲ ತುಂಬಾ ಜನಕ್ಕೆ ಉಪಕಾರ ಆಗುತ್ತೆ.

ನಾನು ತಿಪಟೂರಲ್ಲಿ ಟೈಲರಿಂಗ್ ಮಾಡ್ತೀನಿ, ವಯಸ್ಸು 52, ಬಿಪಿ ಇದೆ ಮಾತ್ರೆ ತಗೋತೀನಿ, ಶುಗರ್ ಇಲ್ಲ. ಆಗೋದು ಏನಂದ್ರೆ ಬಲಗಣ್ಣಲ್ಲಿ ಮೇಲಿಂದ ಕತ್ತಲೆ ಇಳ್ಕೊಂಡು ಬರುತ್ತೆ, ಪರದೆ ಬಿಟ್ಟ ಹಾಗೆ. ನೋವಿಲ್ಲ, ಉರಿ ಇಲ್ಲ, ಕೆಂಪೂ ಆಗಲ್ಲ. ಎಡಗಣ್ಣು ಮುಚ್ಚಿ ನೋಡಿದ್ರೆ ಮಷೀನೇ ಕಾಣಲ್ಲ. ಸ್ವಲ್ಪ ಹೊತ್ತಿಗೆ ಆ ಕತ್ತಲೆ ತಾನಾಗೇ ಬಿಟ್ಟು ಹೋಗುತ್ತೆ, ಆಮೇಲೆ ಸೂಜಿಗೆ ದಾರ ಪೋಣಿಸೋಷ್ಟು ಕ್ಲಿಯರ್.

ಇದನ್ನ ಹೇಳಿದ ತಕ್ಷಣ ಎಲ್ರ ಹತ್ರಾನೂ ಒಂದೊಂದು ಕಾರಣ ರೆಡಿ ಇರುತ್ತೆ. ಹೊಲಿಗೆ ಕೆಲಸ ಅಲ್ವಾ ಕಣ್ಣಿಗೆ ಸ್ಟ್ರೇನ್ ಅಂದ್ರು, ಉಷ್ಣ ಜಾಸ್ತಿ ಆಗಿದೆ ಹರಳೆಣ್ಣೆ ಹಚ್ಕೊಂಡು ಸ್ನಾನ ಮಾಡು ಅಂದ್ರು, ಹೊನಗೊನ್ನೆ ಸೊಪ್ಪು ತಿನ್ನು, ರಾತ್ರಿ ಕಣ್ಣಿನ ಮೇಲೆ ನಂದಿಬಟ್ಟಲು ಹೂವು ಇಟ್ಕೊಂಡು ಮಲಗು ಅಂದ್ರು. ನಮ್ಮತ್ತೆ ದೃಷ್ಟಿ ತೆಗೆದ್ರು. ನನ್ ಮಗಳು ಫೋನ್ ನೋಡೋದು ಬಿಡಮ್ಮ ಅಂದ್ಲು, ಅವಳು ಸುಮ್ನೆ ಹೇಳಿದ್ದಲ್ಲ, 2016ರಲ್ಲಿ ಲಂಡನ್ ಡಾಕ್ಟ್ರುಗಳು ಇಬ್ಬರು ಹೆಂಗಸರ ಬಗ್ಗೆ ಬರೆದಿದ್ರಂತೆ, ಕತ್ತಲಲ್ಲಿ ಪಕ್ಕಕ್ಕೆ ಮಲಗಿ ಒಂದು ಕಣ್ಣು ದಿಂಬಿನಲ್ಲಿ ಮುಚ್ಚಿಹೋಗಿ ಇನ್ನೊಂದ್ರಲ್ಲಿ ಮಾತ್ರ ಫೋನ್ ನೋಡ್ತಿದ್ರು, ಫೋನ್ ಇಟ್ಟ ಮೇಲೆ ಬೆಳಕಿಗೆ ಹೊಂದಿಕೊಂಡಿದ್ದ ಆ ಕಣ್ಣು ಕತ್ತಲಲ್ಲಿ ಸ್ವಲ್ಪ ಹೊತ್ತು ಕುರುಡಾದ ಹಾಗೆ ಆಗ್ತಿತ್ತು. ಅಪಾಯ ಏನಿಲ್ಲ. ಸರಿ, ಆದ್ರೆ ನಂಗೆ ಆಗೋದು ಹಾಡಹಗಲು ಮಷೀನ್ ಮುಂದೆ ಕೂತಾಗ, ದಿಂಬೂ ಇಲ್ಲ ಫೋನೂ ಇಲ್ಲ.

ಇನ್ನು ಆಸ್ಪತ್ರೆ ಕಥೆ. ಕನ್ನಡಕದ ಅಂಗಡೀಲಿ ಪವರ್ ಚೇಂಜ್ ಆಗಿದೆ ಅಂತ ಹೊಸ ಗ್ಲಾಸ್ ಕೊಟ್ರು. ಕಣ್ಣಿನ ಆಸ್ಪತ್ರೇಲಿ ಡ್ರಾಪ್ಸ್ ಹಾಕಿ ಕೂರಿಸಿ, ಲೈಟ್ ಬಿಟ್ಟು ನೋಡಿ, ಪೊರೆ ಇಲ್ಲ, ಕಣ್ಣಿನ ಪ್ರೆಶರ್ ನಾರ್ಮಲ್, ನರ ಚೆನ್ನಾಗಿದೆ, ಟೆನ್ಶನ್ ಮಾಡ್ಕೋಬೇಡಿ ಅಂತ ಕಳಿಸಿದ್ರು. ಬಿಪಿ ನೋಡೋ ಡಾಕ್ಟ್ರು ಕಣ್ಣಿನ ವಿಷ್ಯ ಕಣ್ಣಿನವರನ್ನೇ ಕೇಳಿ ಅಂದ್ರು. ಯಾರೂ ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ, ಅವರು ನೋಡೋ ಹೊತ್ತಿಗೆ ಕಣ್ಣು ನಿಜವಾಗ್ಲೂ ಚೆನ್ನಾಗೇ ಇತ್ತು. ತೊಂದ್ರೆ ಅದೇ, ಕಾಯಿಲೆ ಬಂದು ಹೋದ ಮೇಲೆ ನಾವು ಆಸ್ಪತ್ರೆ ಬಾಗಿಲಿಗೆ ಹೋಗ್ತೀವಿ, ಆಮೇಲೆ ಬರೀ ನಮ್ಮ ಬಾಯಿ ಮಾತೇ ಸಾಕ್ಷಿ, ಆ ಬಾಯಿ ಮಾತು ಕೇಳೋಕೆ ಯಾರಿಗೂ ಟೈಮಿಲ್ಲ.

ಕೊನೆಗೆ ಬೆಂಗಳೂರಲ್ಲಿ ಒಬ್ಬರು ನರರೋಗ ತಜ್ಞರು ಟಾರ್ಚ್ ತೆಗಿಯೋಕೆ ಮುಂಚೆ ಕೂತು ಪ್ರಶ್ನೆ ಕೇಳಿದ್ರು. ಒಂದು ಕಣ್ಣಾ ಎರಡೂನಾ, ಒಂದೊಂದೇ ಮುಚ್ಚಿ ನೋಡಿದ್ರಾ? ಯಾಕಂದ್ರೆ ಎರಡೂ ಕಣ್ಣಿನ ಬಲಭಾಗದ ನೋಟ ಹೋದ್ರೂ ನಮಗೆ ಬಲಗಣ್ಣೇ ಹೋಯ್ತು ಅನ್ಸುತ್ತಂತೆ. ಒಂದೇ ಕಣ್ಣು ಹೋದ್ರೆ ತೊಂದ್ರೆ ಆ ಕಣ್ಣಲ್ಲೋ ಅದಕ್ಕೆ ಹೋಗೋ ರಕ್ತನಾಳದಲ್ಲೋ, ಎರಡರಲ್ಲೂ ಅರ್ಧರ್ಧ ಹೋದ್ರೆ ಹಿಂದೆ ಮೆದುಳಲ್ಲಿ. ಸೆಕೆಂಡಾ ನಿಮಿಷಾನಾ, ಬರೀ ಕತ್ತಲೆಯಾ ಇಲ್ಲ ಮಿಂಚೋ ಜಿಗ್‌ಜಾಗ್ ಗೆರೆ ಬರುತ್ತಾ, ಬಗ್ಗಿದ್ರೆ ಆಗುತ್ತಾ, ಲೈಟ್ ಸುತ್ತ ಬಣ್ಣದ ಬಳೆ ಕಾಣುತ್ತಾ ಅಂತೆಲ್ಲ ಕೇಳಿದ್ರು. ಅಗಿಯುವಾಗ ದವಡೆ ನೋಯುತ್ತಾ, ತಲೆ ಬಾಚುವಾಗ ನೆತ್ತಿ ಮುಟ್ಟೋಕಾಗಲ್ವಾ ಅಂದಾಗ ಇವರೇನು ಕೇಳ್ತಿದಾರಪ್ಪ ಅನ್ಸಿತ್ತು, ಆಮೇಲೆ ಹೇಳಿದ್ರು, 50 ದಾಟಿದವರಿಗೆ ತಲೆಯ ರಕ್ತನಾಳ ಉರಿಯೂತ ಆಗೋ ಒಂದು ಕಾಯಿಲೆ ಇದೆ, ನಮ್ಮ ದೇಶದಲ್ಲಿ ಕಡಿಮೆ, ಆದ್ರೆ ಇದ್ರೆ ಸ್ಟಿರಾಯ್ಡ್ ತಕ್ಷಣ ಶುರು ಮಾಡ್ದೆ ಇದ್ರೆ ಇನ್ನೊಂದು ಕಣ್ಣೂ ಹೋಗಬಹುದು, ಅದಕ್ಕೇ ಇಎಸ್‌ಆರ್, ಸಿಆರ್‌ಪಿ ಅಂತ ರಕ್ತ ಪರೀಕ್ಷೆ.

ನನ್ನ ಥರದ್ದಕ್ಕೆ ಅಮರೋಸಿಸ್ ಫ್ಯೂಗಾಕ್ಸ್ ಅಂತಾರಂತೆ. ಕುತ್ತಿಗೇಲಿರೋ ಕೆರೋಟಿಡ್ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡು ಅದರದ್ದೊಂದು ಚೂರು ಕಿತ್ತು ಬಂದು ಕಣ್ಣಿನ ಸಣ್ಣ ನಾಳದಲ್ಲಿ ಸಿಕ್ಕಿಕೊಂಡ್ರೆ ಕತ್ತಲೆ, ಕರಗಿ ಅಥವಾ ಒಡೆದು ಮುಂದಕ್ಕೆ ಹೋದ್ರೆ ಬೆಳಕು. ಹೃದಯದ ಬಡಿತ ಏರುಪೇರಾಗಿ ಅಲ್ಲಿ ಹೆಪ್ಪುಗಟ್ಟಿದ ರಕ್ತಾನೂ ಹೀಗೆ ಬರಬಹುದು. ಅದೇ ಚೂರು ಮೆದುಳಿಗೆ ಹೋದ್ರೆ ಪಾರ್ಶ್ವವಾಯು. ಅಂದ್ರೆ ಇದು ಕಣ್ಣಿನ ಮಿನಿ ಸ್ಟ್ರೋಕ್, ದೊಡ್ಡ ಸ್ಟ್ರೋಕ್ ಆಗೋ ರಿಸ್ಕ್ ಜಾಸ್ತಿ ಇರೋದು ಮೊದಲ 48 ಗಂಟೇಲಿ. ಇದು ಕೇಳಿ ನಂಗೆ ಹೊಟ್ಟೆಯೊಳಗೆ ಕಲಸಿದ ಹಾಗಾಯ್ತು, ಯಾಕಂದ್ರೆ ಆ 48 ಗಂಟೆ ನಂಗೆ ಕನ್ನಡಕದ ಫ್ರೇಮ್ ಆರಿಸೋದ್ರಲ್ಲಿ ಹೋಗಿತ್ತು. ರಕ್ತನಾಳ 70 ಪರ್ಸೆಂಟಿಗಿಂತ ಜಾಸ್ತಿ ಕಟ್ಟಿಕೊಂಡಿದ್ರೆ ಆಪರೇಶನ್‌ನಿಂದ ಸ್ಟ್ರೋಕ್ ರಿಸ್ಕ್ ತುಂಬಾ ಕಡಿಮೆ ಮಾಡಬಹುದು ಅಂತ 1991ರಲ್ಲೇ ಗೊತ್ತಾಗಿದೆಯಂತೆ. ಹಾಗಿದ್ರೆ ಇದು ಹೊಸ ವಿಷ್ಯಾನೂ ಅಲ್ಲ.

ಆದ್ರೆ ನನ್ನ ಕೆರೋಟಿಡ್ ಡಾಪ್ಲರ್, ಅಂದ್ರೆ ಕುತ್ತಿಗೆ ರಕ್ತನಾಳದ ಸ್ಕ್ಯಾನ್, ನಾರ್ಮಲ್. ಹೃದಯದ ಸ್ಕ್ಯಾನ್ ಎಕೋ ನಾರ್ಮಲ್, ಇಸಿಜಿ ನಾರ್ಮಲ್, ಎಂಆರ್‌ಐ ನಾರ್ಮಲ್, ಇಎಸ್‌ಆರ್ ಕೂಡ ನಾರ್ಮಲ್. ಫೈಲ್ ದಪ್ಪ ಆಯ್ತು, ಉತ್ತರ ಸಿಗ್ಲಿಲ್ಲ. ಡಾಕ್ಟ್ರು ಆಸ್ಪಿರಿನ್ ಮತ್ತೆ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದಾರೆ (ಇದು ಓದಿ ಯಾರೂ ತಾವಾಗೇ ಆಸ್ಪಿರಿನ್ ನುಂಗೋಕೆ ಹೋಗ್ಬೇಡಿ, ರಕ್ತಸ್ರಾವ ಆಗೋ ಸ್ಟ್ರೋಕೂ ಇರುತ್ತೆ), ಕಾರಣ ಸಿಗದೇ ಇರೋದೂ ಉಂಟು, ಕೆಲವರಿಗೆ ರಕ್ತನಾಳ ತಾನಾಗೇ ಬಿಗಿಹಿಡಿದು ಬಿಡುತ್ತೆ, ಆದ್ರೂ ಹುಷಾರಾಗಿರೋಣ ಅಂದ್ರು. ಕಾರಣ ಗೊತ್ತಿಲ್ಲ ಅಂತ ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ಗೌರವ ಜಾಸ್ತಿ ಆಯ್ತು, ಟೆನ್ಶನ್ ಅಂತ ಹೇಳಿ ಕಳಿಸೋದಕ್ಕಿಂತ ಇದು ಎಷ್ಟೋ ವಾಸಿ.

ಅಂಗಡೀಲಿ ಇದನ್ನ ಮಾತಾಡೋಕೆ ಶುರು ಮಾಡಿದ ಮೇಲೆ ಆಶ್ಚರ್ಯ ಆಗಿದ್ದು, ಬ್ಲೌಸ್ ಅಳತೆ ಕೊಡೋಕೆ ಬಂದವರೆಲ್ಲ ನಂಗೂ ಹೀಗಾಗಿತ್ತು ಅನ್ನೋರೇ. ಒಬ್ಬರಿಗೆ ಎರಡೂ ಕಣ್ಣಲ್ಲಿ ಜಿಗ್‌ಜಾಗ್ ಗೆರೆ ಹಬ್ಬುತ್ತಾ ಹೋಗಿ ಅರ್ಧ ಗಂಟೇಲಿ ಸರಿಹೋಗಿ ಆಮೇಲೆ ತಲೆನೋವು, ಅದು ಮೈಗ್ರೇನ್ ಅಂತೆ. ಇನ್ನೊಬ್ಬರ ಮಗಳು ಕಾಲೇಜು ಹುಡುಗಿ, ಸ್ವಲ್ಪ ದಪ್ಪ, ಬಗ್ಗಿ ಎದ್ರೆ ಕೆಲವು ಸೆಕೆಂಡು ಕಣ್ಣು ಕಪ್ಪಾಗ್ತಿತ್ತು, ರಕ್ತ ಕಡಿಮೆ ಅಂತ ಟಾನಿಕ್ ಕುಡಿಸ್ತಿದ್ರು, ಕೊನೆಗೆ ನೋಡಿದ್ರೆ ತಲೆಯೊಳಗಿನ ಒತ್ತಡ ಜಾಸ್ತಿಯಾಗಿ ಕಣ್ಣಿನ ನರ ಊದಿಕೊಂಡಿತ್ತು, ಮೊಡವೆಗೆ ಅಂತ ತಗೊಳ್ತಿದ್ದ ಡಾಕ್ಸಿಸೈಕ್ಲಿನ್ ಮಾತ್ರೆಯಿಂದಾನೂ ಹಾಗಾಗಬಹುದು ಅಂತ ಅದನ್ನ ನಿಲ್ಲಿಸಿದ್ರಂತೆ. ಉಷ್ಣ ಅಂದೋರನ್ನೂ ಪೂರ್ತಿ ಬೈಯೋಕಾಗಲ್ಲ, ಕಣ್ಣಿನ ನರಕ್ಕೆ ಕಾಯಿಲೆ ಆಗಿರೋ ಕೆಲವರಿಗೆ ಬಿಸಿನೀರು ಸ್ನಾನ ಮಾಡಿದ್ರೆ, ಮೈ ಬಿಸಿಯಾದ್ರೆ ದೃಷ್ಟಿ ಮಂಕಾಗಿ ತಣ್ಣಗಾದ ಮೇಲೆ ಸರಿಹೋಗುತ್ತಂತೆ, ಮೈ ದಣಿದಾಗ ಹೀಗಾಗೋದನ್ನ ಉಥಾಫ್ ಅನ್ನೋ ಜರ್ಮನ್ ಡಾಕ್ಟ್ರು 1890ರಲ್ಲೇ ಬರೆದಿಟ್ಟಿದಾರೆ.

ಇಷ್ಟು ಥರ ಇರೋವಾಗ ನಮ್ಮ ವ್ಯವಸ್ಥೆ ಮಾತ್ರ ಪೊರೆ ಮತ್ತು ಕನ್ನಡಕ ಎರಡರಲ್ಲೇ ನಿಂತಿದೆ ಅನ್ಸುತ್ತೆ. ಡಾ. ಎಂ.ಸಿ. ಮೋದಿಯವರ ಕಾಲದಲ್ಲಿ ಊರೂರಿಗೆ ಬಂದು ಸಾವಿರಾರು ಜನಕ್ಕೆ ಪೊರೆ ತೆಗೆದಿದ್ದು ದೊಡ್ಡ ಪುಣ್ಯದ ಕೆಲಸ, ಇಲ್ಲ ಅನ್ನಲ್ಲ, ಈಗ ಆಶಾಕಿರಣ ಅಂತ ಮನೆಮನೆಗೆ ಕಣ್ಣು ಪರೀಕ್ಷೆ ಬಂದಿದ್ದೂ ಒಳ್ಳೇದೇ. ಆ ಪರೀಕ್ಷೇಲಿ ಒಂದು ಪ್ರಶ್ನೆ ಸೇರಿಸಿದ್ರೆ ಸಾಕು, ನಿಮ್ಮ ದೃಷ್ಟಿ ಯಾವತ್ತಾದ್ರೂ ಇದ್ದಕ್ಕಿದ್ದ ಹಾಗೆ ಹೋಗಿ ವಾಪಸ್ ಬಂದಿದೆಯಾ ಅಂತ. ಹೌದು ಅಂದವರನ್ನ ಅವತ್ತೇ ಜಿಲ್ಲಾಸ್ಪತ್ರೆಗೆ ಕಳಿಸ್ಲಿ, ಅಲ್ಲಿ ಡಾಪ್ಲರ್ ಆಗ್ಲಿ. ಅಕ್ಟೋಬರಲ್ಲಿ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ ಅಂತ ಬ್ಯಾನರ್ ಕಟ್ತಾರೆ, ಅದೇ ತಿಂಗಳು 29ಕ್ಕೆ ವಿಶ್ವ ಪಾರ್ಶ್ವವಾಯು ದಿನ ಅಂತ ಇನ್ನೊಂದು ಬ್ಯಾನರ್. ಸ್ಟ್ರೋಕ್ ಬ್ಯಾನರಲ್ಲಿ ಮುಖ ಸೊಟ್ಟ, ಕೈ ಬಲಹೀನ, ಮಾತು ತೊದಲು ಅಂತ ಇರುತ್ತೆ, ನಾನು ನೋಡಿದ್ದರಲ್ಲಿ ಕಣ್ಣಿನ ಮಾತೇ ಇರ್ಲಿಲ್ಲ. ಕಣ್ಣಿನ ಬ್ಯಾನರಲ್ಲಿ ಸ್ಟ್ರೋಕ್ ಇರ್ಲಿಲ್ಲ. ಇಬ್ಬರೂ ಸೇರಿ ಒಂದು ಸಾಲು ಬರೆಸೋಕಾಗಲ್ವಾ?

ದೃಷ್ಟಿ ಹೋಗಿ ವಾಪಸ್ ಬರದೇ ಇದ್ರೆ ಇನ್ನೂ ಅರ್ಜೆಂಟು, ಕಣ್ಣಿನೊಳಗೆ ಬೆಳಕು ಹಿಡಿಯೋ ಪದರ ರೆಟಿನಾಗೆ ರಕ್ತ ಹರಿಯೋದು ಪೂರ್ತಿ ನಿಂತ್ರೆ 4 ಗಂಟೆ ಹೊತ್ತಿಗೆ ಆಗಬೇಕಾದ ಹಾಳೆಲ್ಲ ಆಗಿಹೋಗಿರುತ್ತೆ ಅಂತ ಕೇಳಿದೀನಿ. ಹಾಗಾಗಿ ಬಲ್ಲವರು ಇದನ್ನಾದ್ರೂ ಬಿಡಿಸಿ ಹೇಳಿ: ಐದು ನಿಮಿಷ ಕಣ್ಣು ಕತ್ತಲಾದ್ರೆ 108ಕ್ಕೆ ಫೋನ್ ಮಾಡ್ಬೇಕಾ, ಬೆಳಗಾಗೋವರೆಗೆ ಕಾಯಬಹುದಾ? ಎಲ್ಲಾ ರಿಪೋರ್ಟ್ ನಾರ್ಮಲ್ ಬಂದವರು ಮತ್ತೆ ಯಾವಾಗ, ಯಾವ ಟೆಸ್ಟ್ ಮಾಡಿಸ್ಬೇಕು? ಹೀಗಾಗೋರು ಗಾಡಿ ಓಡಿಸಬಹುದಾ? ನಾನು ಸ್ಕೂಟಿ ನಿಲ್ಲಿಸಿದೀನಿ, ಆದ್ರೆ ಲಾರಿ, ಆಟೋ ಓಡಿಸೋರು ಹೊಟ್ಟೆಪಾಡಿಗೆ ಏನು ಮಾಡ್ಬೇಕು? ಉತ್ತರ ಬರೆಯೋ ಡಾಕ್ಟ್ರಲ್ಲಿ ಒಂದೇ ಒಂದು ವಿನಂತಿ, ಕೊನೇಲಿ ದಯವಿಟ್ಟು "ತಜ್ಞ ವೈದ್ಯರನ್ನು ಸಂಪರ್ಕಿಸಿ" ಅಂತ ಮಾತ್ರ ಬರೀಬೇಡಿ, ಯಾವ ತಜ್ಞರು ಅನ್ನೋದೇ ನನ್ನ ಪ್ರಶ್ನೆ.

— ಒಬ್ಬ ಓದುಗರು, ತಿಪಟೂರು